ಪರೀಕ್ಷೆ ಬಂಡಿಗೆ, ಪೆಟ್ಟು ಬೆಟ್ಟಕ್ಕೆ

ಮಲೆನಾಡಿನ ಮಣ್ಣುದಾರಿಗಳಲ್ಲಿ ಇಂದು ಎರಡು ಬಗೆಯ ಜೀಪುಗಳು ಓಡಾಡುತ್ತಿವೆ. ಮೊದಲನೆಯದು ಊರಿನ ಜೀಪು. ಮಳೆಗಾಲ ಬಂತೆಂದರೆ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿಕೊಂಡು, ಗೊಬ್ಬರದ ಮೂಟೆ, ಅಡಿಕೆ ಚೀಲ, ಪಡಿತರದ ಅಕ್ಕಿಯ ಜೊತೆಗೆ ಶಾಲೆಯ ಮಕ್ಕಳನ್ನೂ ಆಸ್ಪತ್ರೆಗೆ ಹೊರಟ ರೋಗಿಗಳನ್ನೂ ಹೊತ್ತು ಅದು ಗುಡ್ಡ ಹತ್ತಿ ಇಳಿಯುತ್ತದೆ. ಎರಡನೆಯದು ವಾರಾಂತ್ಯಕ್ಕೆ ನಗರದಿಂದ ಬರುವ ಜೀಪು. ಅದರ ಮೂತಿಯಲ್ಲಿ ವಿಂಚ್, ಪಕ್ಕದಲ್ಲಿ ಆಕಾಶಕ್ಕೆ ಮುಖಮಾಡಿದ ಸ್ನಾರ್ಕೆಲ್ ಕೊಳವೆ, ತಲೆಯ ಮೇಲೆ ಸಾಲುದೀಪ, ಕೆಳಗೆ ಎತ್ತರಿಸಿದ ಸಸ್ಪೆನ್ಶನ್, ಆಳವಾದ ಹಲ್ಲುಗಳ ಮಡ್ ಟಯರ್. ಕೆಸರು ಮೊದಲನೆಯದಕ್ಕೆ ಅಡ್ಡಿ, ಎರಡನೆಯದಕ್ಕೆ ಗುರಿ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಅರ್ಥವಾಗಲು ಸುಲಭ.

ಪ್ರವಾಸೋದ್ಯಮದ ಸಮಗ್ರ ವಿಮರ್ಶೆ ಈ ಲೇಖನದ ಉದ್ದೇಶವಲ್ಲ. ಫೋರ್ ವೀಲ್ ಡ್ರೈವ್ ವಾಹನಗಳಿಗೆ ಕಾರ್ಖಾನೆಯಿಂದ ಹೊರಬಂದ ಮೇಲೆ ಜೋಡಿಸುವ ಹೆಚ್ಚುವರಿ ಸಲಕರಣೆಗಳು ಹೇಗೆ ರೂಪುಗೊಳ್ಳುತ್ತವೆ, ಎಲ್ಲಿ ಪರೀಕ್ಷೆಗೊಳಗಾಗುತ್ತವೆ, ಆ ಪರೀಕ್ಷೆಯ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆಗಳಷ್ಟೇ ಇಲ್ಲಿವೆ. ವಿಷಯ ಸಣ್ಣದೆಂದು ಕಂಡೀತು. ಆದರೆ ನಮ್ಮ ಹಳ್ಳ, ಹುಲ್ಲುಗಾವಲು, ಕಾನುಗಳ ಅಂಚಿನಲ್ಲಿ ದಿನೇ ದಿನೇ ಆಳವಾಗುತ್ತಿರುವ ಚಕ್ರದ ಗಾಡಿಗಳನ್ನು ಕಂಡವರಿಗೆ ಅದು ಸಣ್ಣದಲ್ಲವೆಂಬುದು ಗೊತ್ತು.

ಅಗತ್ಯದಿಂದ ಹುಟ್ಟಿದ ವಿದ್ಯೆ

ಮೊದಲು ನ್ಯಾಯವಾದ ಒಂದು ಮಾತನ್ನು ಹೇಳಬೇಕು. ಈ ಸಲಕರಣೆಗಳ ವಿದ್ಯೆ ಹುಟ್ಟಿದ್ದು ಮೋಜಿನಿಂದಲ್ಲ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪು ಯುದ್ಧ ಮುಗಿದ ಮೇಲೆ ರೈತರ ಕೈಗೆ ಬಂತು. ಯುದ್ಧದಲ್ಲಿ ಮಿಕ್ಕ ಆ ಜೀಪುಗಳನ್ನು ಸಾಮಾನ್ಯ ರಸ್ತೆಗೂ ಹೊಂದಿಸುವ ಸಲುವಾಗಿ ಆರ್ಥರ್ ವಾರ್ನ್ ಎಂಬವರು 1948ರಲ್ಲಿ ಸಿಯಾಟಲ್ ನಗರದಲ್ಲಿ ಮುಂದಿನ ಚಕ್ರಗಳ ಲಾಕಿಂಗ್ ಹಬ್ಬುಗಳನ್ನು ತಯಾರಿಸತೊಡಗಿದರು. ಇಂದು ವಿಂಚ್‌ಗಳಿಗೆ ಹೆಸರಾದ ವಾರ್ನ್ ಸಂಸ್ಥೆಯ ಮೂಲ ಅದೇ. ಆಸ್ಟ್ರೇಲಿಯಾದ ಎಆರ್‌ಬಿ ಸಂಸ್ಥೆ 1975ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾಯಿತು. ಊರುಗಳ ನಡುವೆ ನೂರಾರು ಕಿಲೋಮೀಟರ್ ನಿರ್ಜನ ಪ್ರದೇಶವಿರುವ ಆ ದೇಶದಲ್ಲಿ ಗಟ್ಟಿಯಾದ ಬಂಪರ್, ಗಟ್ಟಿಯಾದ ಕ್ಯಾರಿಯರ್ ಜೀವ ಉಳಿಸುವ ವಸ್ತುಗಳಾಗಿದ್ದವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿತು. ಮುಂದೆ ಆ ವಂಶದ ಜೀಪುಗಳೇ ನಮ್ಮ ತೋಟ, ಘಟ್ಟ, ಬೆಟ್ಟದ ಊರುಗಳ ಸಾರಿಗೆಯಾದವು.

ನಮ್ಮ ಪೇಟೆಗಳ ಗ್ಯಾರೇಜುಗಳಲ್ಲೂ ಈ ವಿದ್ಯೆ ಬೆಳೆಯಿತು. ಮುರಿದ ಲೀಫ್ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದವರು, ಕಲ್ಲಿಗೆ ತಾಗದಂತೆ ಎಣ್ಣೆಯ ತೊಟ್ಟಿಗೆ ತಗಡಿನ ಕಾಪು ಹಾಕಿದವರು, ಚೈನನ್ನು ಟಯರಿನ ಅಳತೆಗೆ ಕತ್ತರಿಸಿ ಬೆಸುಗೆ ಹಾಕಿದವರು ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಕೈಕೆಲಸವನ್ನು ದಿನನಿತ್ಯದ ಓಡಾಟವೇ ಪರೀಕ್ಷಿಸಿತು. ಕೆಲಸ ಸರಿಯಿಲ್ಲದಿದ್ದರೆ ಜೀಪು ಅರ್ಧದಾರಿಯಲ್ಲಿ ನಿಲ್ಲುತ್ತಿತ್ತು. ಮರುದಿನ ಅದೇ ಡ್ರೈವರಣ್ಣ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮಾಡಿದವನೂ ಬಳಸಿದವನೂ ದಾರಿಯ ಅಕ್ಕಪಕ್ಕ ಬಾಳುವವನೂ ಒಂದೇ ಊರಿನವರಾಗಿದ್ದುದರಿಂದ ತಪ್ಪಿಗೆ ಉತ್ತರ ಹೇಳುವವರು ಯಾರೆಂಬುದು ಎಲ್ಲರಿಗೂ ತಿಳಿದಿತ್ತು.

ಆ ಸಂಬಂಧ ಈಗ ಕಡಿದುಹೋಗಿದೆ. 2010ರಲ್ಲಿ ಥಾರ್, 2020ರಲ್ಲಿ ಅದರ ಹೊಸ ರೂಪ, 2023ರಲ್ಲಿ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಇಂಥ ವಾಹನಗಳು ಹವ್ಯಾಸಿಗಳ ಕೈಗೂ ಸೇರಿದವು. ಅವರನ್ನು ನಂಬಿ ಸಲಕರಣೆ ತಯಾರಿಸುವ ಸಣ್ಣ ಉದ್ದಿಮೆಗಳೂ ಬೆಳೆದವು. ತಯಾರಕ ಒಂದು ನಗರದಲ್ಲಿ, ಕೊಂಡವನು ಇನ್ನೊಂದು ನಗರದಲ್ಲಿ. ಪರೀಕ್ಷೆ ಮಾತ್ರ ನಮ್ಮ ಬೆಟ್ಟದಲ್ಲಿ.

ಪ್ರಯೋಗಶಾಲೆ ಯಾರದು?

ದೊಡ್ಡ ಕಂಪನಿಗಳು ತಮ್ಮ ವಾಹನವನ್ನು ಎಲ್ಲಿ ಪರೀಕ್ಷಿಸುತ್ತವೆ ಎಂಬುದನ್ನು ಗಮನಿಸೋಣ. ಮಹೀಂದ್ರ ಸಂಸ್ಥೆ ಇದಕ್ಕಾಗಿಯೇ ಚೆನ್ನೈಗೆ ಸಮೀಪದ ಚೆಯ್ಯಾರ್‌ನಲ್ಲಿ 454 ಎಕರೆಯ ಪರೀಕ್ಷಾ ಪಥವನ್ನು ಕಟ್ಟಿ 2021ರಲ್ಲಿ ಆರಂಭಿಸಿತು. ಪುಣೆಯ ಎಆರ್‌ಎಐ ಸಂಸ್ಥೆ 1966ರಿಂದ ವಾಹನಗಳ ಪರೀಕ್ಷೆಯಲ್ಲಿ ತೊಡಗಿದೆ. ಹೊಸ ಥಾರ್ 650 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲದು, ಅದರ ತಳ ನೆಲದಿಂದ 226 ಮಿಲಿಮೀಟರ್ ಎತ್ತರದಲ್ಲಿದೆ ಎಂದು ಕಂಪನಿ ಹೇಳಿದ್ದು ಇಂಥ ಅಳತೆಗಳ ಬಲದಿಂದ. ಸಣ್ಣ ಸಲಕರಣೆ ತಯಾರಕನ ಬಳಿ ಅಂಥ ಪಥವಿಲ್ಲ. ತನ್ನ ಸ್ನಾರ್ಕೆಲ್ 650 ಮಿಲಿಮೀಟರನ್ನು ಮೀರಿದ ನೀರಿನಲ್ಲೂ ಇಂಜಿನ್ನನ್ನು ಕಾಯುತ್ತದೆ, ತನ್ನ ಸಸ್ಪೆನ್ಶನ್ ಕಿಟ್ ಇನ್ನೂ ದೊಡ್ಡ ಬಂಡೆಯನ್ನು ಹತ್ತಿಸುತ್ತದೆ ಎಂದು ಗಿರಾಕಿಗೆ ತೋರಿಸಲು ಅವನಿಗೊಂದು ಹಳ್ಳ ಬೇಕು, ಒಂದು ಏರು ಬೇಕು. ಕಾಸಿಲ್ಲದೆ ಸಿಗುವ ಹಳ್ಳ, ಕೇಳುವವರಿಲ್ಲದ ಏರು ಎಲ್ಲಿವೆ? ಸಹ್ಯಾದ್ರಿಯ ತಪ್ಪಲಿನಲ್ಲಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ವಾಸ್ತವವಾಗಿ ಈ ಪರೀಕ್ಷೆಗಳಲ್ಲಿ ಹೆಚ್ಚಿನವುಗಳಿಗೆ ಹಳ್ಳವೂ ಬೇಡ, ಬೆಟ್ಟವೂ ಬೇಡ. ಸ್ನಾರ್ಕೆಲ್ಲನ್ನೇ ತೆಗೆದುಕೊಳ್ಳಿ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಕೊಳವೆಯ ಬಾಯಿಯನ್ನು ಪೂರ್ತಿಯಾಗಿ ಮುಚ್ಚಿದರೆ ಗಾಳಿ ಸಿಗದೆ ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಜೋಡಣೆಯಲ್ಲಿ ಎಲ್ಲೋ ಸೋರಿಕೆಯಿದೆ. ಗಾಳಿ ಒಳಹೊಗುವ ಆ ಸಂದಿಯಲ್ಲಿ ನೀರೂ ಒಳಹೊಗುತ್ತದೆ. ಈ ಪರೀಕ್ಷೆ ಅಂಗಳದಲ್ಲಿ ಅರ್ಧ ನಿಮಿಷದ ಕೆಲಸ. ಅದಕ್ಕೂ ಮೀರಿ ನೋಡಬೇಕೆಂದರೆ ಸಿಮೆಂಟಿನ ತೊಟ್ಟಿ ಕಟ್ಟಿ ನೀರು ತುಂಬಬಹುದು.

ವಿಂಚಿನ ಬಲವನ್ನು ನೆಲದಲ್ಲಿ ಹೂತ ಕಾಂಕ್ರೀಟ್ ಆಧಾರಕ್ಕೆ ಕಟ್ಟಿ, ನಡುವೆ ಬಲಮಾಪಕವಿಟ್ಟು ಅಳೆಯಬಹುದು. ಡ್ರಮ್ಮಿನ ಮೇಲೆ ಹಗ್ಗದ ಸುತ್ತುಗಳು ಪದರ ಪದರವಾಗಿ ಏರಿದಂತೆ ಎಳೆಯುವ ಬಲ ಕುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕಿ ಮೊದಲ ಪದರದ್ದು. ಕಾಡಿನ ಮರಕ್ಕೆ ಕಟ್ಟಿ ಎಳೆದ ಮಾತ್ರಕ್ಕೆ ಈ ಲೆಕ್ಕ ಗೊತ್ತಾಗುವುದಿಲ್ಲ, ಬಲಮಾಪಕದಿಂದ ಗೊತ್ತಾಗುತ್ತದೆ. ಸಸ್ಪೆನ್ಶನ್ ಎಷ್ಟು ಬಾಗುತ್ತದೆಂಬುದನ್ನು ತಿಳಿಯಲು ಒಂದು ಚಕ್ರವನ್ನು ಇಳಿಜಾರು ಕಟ್ಟೆಯ ಮೇಲೆ ಹತ್ತಿಸಿ, ಉಳಿದ ಚಕ್ರಗಳು ನೆಲ ಬಿಡುವವರೆಗಿನ ದೂರವನ್ನು ಅಳೆದರೆ ಸಾಕು. ಡಿಫರೆನ್ಷಿಯಲ್ ಲಾಕನ್ನು ಒಂದು ಚಕ್ರವನ್ನು ಜಾಕಿಯಿಂದ ಎತ್ತಿ ನೋಡಬಹುದು. ತುಕ್ಕು, ನಡುಗು, ಬೋಲ್ಟುಗಳ ಬಿಗಿ, ಎಲ್ಲಕ್ಕೂ ಅಂಗಳದ ಪರೀಕ್ಷೆಗಳಿವೆ. ಆದಕಾರಣ ಹಳ್ಳದಲ್ಲಿ ನಡೆಯುವ ಆರ್ಭಟದ ಬಹುಭಾಗ ಪರೀಕ್ಷೆಯಲ್ಲ, ಅದು ಜಾಹೀರಾತು. ಕೆಸರು ಚಿಮ್ಮುವ ಚಿತ್ರ ಮಾಲನ್ನು ಮಾರುತ್ತದೆ, ಬಲಮಾಪಕದ ಅಂಕಿ ಮಾರುವುದಿಲ್ಲ.

ನೆಲ ಅನುಭವಿಸುವುದೇನು?

ಇನ್ನು ನೆಲದ ಕಡೆಯಿಂದ ನೋಡೋಣ. ಟಯರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 1,800 ಕಿಲೋ ತೂಗುವ ಒಂದು ವಾಹನವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಒಂದೊಂದು ಚಕ್ರದ ಪಾಲು 450 ಕಿಲೋ. ಟಯರಿನಲ್ಲಿ 30 ಪೌಂಡ್ ಗಾಳಿಯಿದ್ದರೆ ಆ ಭಾರ ಸುಮಾರು 210 ಚದರ ಸೆಂಟಿಮೀಟರ್ ನೆಲದ ಮೇಲೆ ಬೀಳುತ್ತದೆ. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಟಯರು ಚಪ್ಪಟೆಯಾಗಿ ಅದೇ ಭಾರ ಸುಮಾರು 355 ಚದರ ಸೆಂಟಿಮೀಟರಿಗೆ ಹರಡುತ್ತದೆ. ಟಯರಿನ ಗೋಡೆಯ ಗಡಸುತನದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ತತ್ವ ಬದಲಾಗದು. ಹಿಡಿತ ಹೆಚ್ಚುತ್ತದೆ, ಮಣ್ಣು ಕಡಿಮೆ ಕುಸಿಯುತ್ತದೆ. ಅಂದರೆ ಒಂದು ಗಾಳಿಮಾಪಕ ಮತ್ತು ಟಾರು ರಸ್ತೆಗೆ ಮರಳುವ ಮುನ್ನ ಮತ್ತೆ ಗಾಳಿ ತುಂಬಲು ಒಂದು ಪುಟ್ಟ ಕಂಪ್ರೆಸರ್, ಇವೇ ಬೆಟ್ಟದ ಪಾಲಿಗೆ ಅತ್ಯುತ್ತಮ ಸಲಕರಣೆಗಳು. ಅವುಗಳ ಜಾಹೀರಾತು ಮಾತ್ರ ಕಡಿಮೆ, ಏಕೆಂದರೆ ಅವುಗಳಲ್ಲಿ ಮೆರವಣಿಗೆಯಿಲ್ಲ.

ಮಣ್ಣನ್ನು ಭಾರಕ್ಕಿಂತ ಹೆಚ್ಚಾಗಿ ಕೆಡಿಸುವುದು ಜಾರುವ ಚಕ್ರ. ಹಿಡಿತ ತಪ್ಪಿ ಗರಗರ ತಿರುಗುವ ಚಕ್ರ ನೇಗಿಲಿನಂತೆ ನೆಲವನ್ನು ಸೀಳುತ್ತದೆ. ಆಳ ಹಲ್ಲಿನ ಟಯರನ್ನು ಹಾಕಿ ಆಕ್ಸಿಲರೇಟರ್ ತುಳಿಯುವುದೇ ಶೌರ್ಯವೆಂದು ತಿಳಿದವರು ಹೋದ ದಾರಿಯಲ್ಲಿ ಹುಲ್ಲಿನ ಬೇರಿನ ಹೆಣಿಗೆ ಹರಿಯುತ್ತದೆ. ಬೋಳುಗುಡ್ಡದ ಹುಲ್ಲುಗಾವಲು ನಿಂತಿರುವುದೇ ಆ ಹೆಣಿಗೆಯ ಮೇಲೆ. ಅದು ಹರಿದ ಜಾಗದಲ್ಲಿ ಮಳೆನೀರು ಇಂಗದೆ ಚಕ್ರದ ಗಾಡಿಯಲ್ಲೇ ಹರಿಯುತ್ತದೆ. ಗುಡ್ಡದ ಅಡ್ಡಕ್ಕೆ ಹೋದ ಗಾಡಿಗಿಂತ ನೆತ್ತಿಯಿಂದ ನೇರವಾಗಿ ಇಳಿದ ಗಾಡಿ ಹೆಚ್ಚು ಅಪಾಯಕಾರಿ. ಕೆಲವೇ ಮಳೆಗಾಲಗಳಲ್ಲಿ ಅದು ಕೊರಕಲಾಗುತ್ತದೆ. ಹೀಗೆ ಕೊಚ್ಚಿದ ಮಣ್ಣು ಹೋಗಿ ಸೇರುವುದು ಹಳ್ಳಕ್ಕೆ, ಆ ಹಳ್ಳದ ಕೆಳಗಿನ ಗದ್ದೆಗೆ, ಪೈಪಿನಲ್ಲಿ ಅಬ್ಬಿ ನೀರು ತಂದುಕೊಂಡು ಕುಡಿಯುವ ಮನೆಗಳಿಗೆ.

ಹಳ್ಳದೊಳಗೇ ವಾಹನ ಇಳಿದಾಗ ಆಗುವುದು ಬೇರೆ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಒಂದು ಕುಣಿಯುವ ಕಪ್ಪೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದ ಜೀವಿ ಅದು. ಈ ಕುಲದ ಗಂಡು ಕಪ್ಪೆಗಳು ತೊರೆಯ ಕಲ್ಲಿನ ಮೇಲೆ ಕುಳಿತು ಹಿಂಗಾಲು ಚಾಚಿ ಸನ್ನೆ ಮಾಡುತ್ತವೆ. ಹೆಣ್ಣು ಕಪ್ಪೆಗಳು ತೆಳುನೀರಿನ ತಳದ ಮರಳನ್ನು ಹಿಂಗಾಲಿನಿಂದ ಕೆದಕಿ ಮೊಟ್ಟೆಯಿಟ್ಟು ಮುಚ್ಚುತ್ತವೆ. ಮಳೆಯ ಆರ್ಭಟ ಇಳಿದು ತೊರೆ ತಿಳಿಯಾಗುವ ಕಾಲವೇ ಅವುಗಳ ಸಂತಾನಕಾಲ. ಜೀಪಿನ ಸಾಲು ನೀರಿಗಿಳಿಯಲು ಹಿತವೆನಿಸುವ ಕಾಲವೂ ಅದೇ. 650 ಮಿಲಿಮೀಟರ್ ಆಳವನ್ನು ದಾಟಿ ತೋರಿಸುವ ಚಕ್ರಕ್ಕೆ ಅಂಗೈಯಗಲದ ನೀರಿನಡಿ ಇರುವ ಮೊಟ್ಟೆ ಕಾಣುವುದೆಂತು?

ಕಾನೂನು ಏನನ್ನು ಕೇಳುತ್ತದೆ?

ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ವಿಧಿಸಲು ಅವಕಾಶ ಕೊಟ್ಟಿತು. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಕಾರುಗಳ ಮುಂದೆ ಜೋಡಿಸುವ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೂ ಒಳಗೆ ಕುಳಿತವರಿಗೂ ಅವು ಅಪಾಯವೆಂಬುದು ಅದರ ಕಾರಣ. ಎಲ್ಲ ಸಲಕರಣೆಯೂ ಕಾನೂನುಬಾಹಿರವೆಂದು ಇದರ ಅರ್ಥವಲ್ಲ. ಆದರೆ ಈ ನಿಯಮಗಳೆಲ್ಲ ರಸ್ತೆಯ ಸುರಕ್ಷತೆಯನ್ನು ಕೇಳುತ್ತವೆ. ರಸ್ತೆ ಬಿಟ್ಟ ಮೇಲೆ ಏನಾಗುತ್ತದೆಂದು ಕೇಳುವುದಿಲ್ಲ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ, ಮೀಸಲು ಅರಣ್ಯದೊಳಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಿದೆ. ಅವುಗಳ ಗಡಿಯಾಚೆಗಿನ ಗೋಮಾಳ, ಹೊಳೆಯಂಚು, ಸೊಪ್ಪಿನಬೆಟ್ಟ, ಬಾಣೆಗಳಲ್ಲಿ ಎಚ್ಚರ ವಹಿಸಬೇಕಾದವರು ಊರಿನವರೇ.

ಕೇಳಿಬರುವ ಆಕ್ಷೇಪಗಳು

"ಊರಿನ ಜೀಪುಗಳೂ ಗುಡ್ಡ ಅಗೆಯುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಕೊಡಚಾದ್ರಿ, ಮಾಂದಲಪಟ್ಟಿ, ಕ್ಯಾತನಮಕ್ಕಿಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ದಾರಿಯೂ ಸವೆದಿದೆ. ಚೈನು ಸುತ್ತಿದ ಚಕ್ರವೂ ಮಣ್ಣನ್ನು ಕಡಿಯುತ್ತದೆ. ಆ ಬಾಡಿಗೆಯಿಂದ ನಮ್ಮ ನೆರೆಹೊರೆಯ ಹಲವು ಮನೆಗಳ ಒಲೆ ಉರಿಯುತ್ತಿದೆ ಎಂಬುದೂ ನಿಜ. ಆದರೆ ಆ ಜೀಪು ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರುತ್ತದೆ; ಆ ದಾರಿಗೆ ಕಲ್ಲು ಹಾಸಬಹುದು, ಅಡ್ಡ ಕಾಲುವೆ ತೆಗೆದು ನೀರು ತಿರುಗಿಸಬಹುದು, ದಿನಕ್ಕೆ ಇಷ್ಟೇ ಗಾಡಿಯೆಂದು ಗೊತ್ತುಮಾಡಬಹುದು. ಪರೀಕ್ಷೆಯ ಜೀಪಿಗೆ ಪ್ರತಿ ಸಲವೂ ಹೊಸ ದಾರಿ ಬೇಕು, ಏಕೆಂದರೆ ಹತ್ತಿ ಮುಗಿದ ಏರು ಅದಕ್ಕೆ ಸವಾಲಾಗಿ ಉಳಿಯುವುದಿಲ್ಲ. ಆದರೂ ಅಳತೆಗೋಲು ಇಬ್ಬರಿಗೂ ಒಂದೇ ಇರಬೇಕು. ಪರರಿಗೆ ಹೇಳುವ ನಿಯಮವನ್ನು ನಾವು ಮೊದಲು ಪಾಲಿಸದಿದ್ದರೆ ನಮ್ಮ ಮಾತಿಗೆ ತೂಕ ಬಾರದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. 2018ರ ಆಗಸ್ಟಿನಲ್ಲಿ ಕೇರಳ ಪ್ರವಾಹದಲ್ಲಿ ಮುಳುಗಿದಾಗ ಹವ್ಯಾಸಿಗಳ ಫೋರ್ ವೀಲ್ ಡ್ರೈವ್ ವಾಹನಗಳು ಜನರನ್ನು ಹೊತ್ತು ತಂದವು. ಅದೇ ದಿನಗಳಲ್ಲಿ ಕೊಡಗಿನ ಗುಡ್ಡಗಳು ಜಾರಿ ಊರುಗಳೇ ಸಂಪರ್ಕ ಕಳೆದುಕೊಂಡವು. ಅಂಥ ಹೊತ್ತಿಗೆ ನಂಬಬಹುದಾದ ವಿಂಚ್, ಸೋರದ ಸ್ನಾರ್ಕೆಲ್ ಬೇಕೇ ಬೇಕು. ಇದನ್ನು ಒಪ್ಪಬೇಕು, ಒಪ್ಪಿದ ಮೇಲೆ ಒಂದು ಹೆಜ್ಜೆ ಮುಂದೆಯೂ ಹೋಗಬೇಕು. ಜೀವ ಉಳಿಸಬೇಕಾದ ಸಲಕರಣೆಯನ್ನು ಕೆಸರಿನ ಚಿತ್ರ ನೋಡಿ ಕೊಳ್ಳಲಾಗದು. ಅದು ಅಳತೆಯ ಪರೀಕ್ಷೆಯಲ್ಲಿ ಗೆದ್ದು ಬರಬೇಕು. ಕಟ್ಟುನಿಟ್ಟಾದ ಪರೀಕ್ಷೆಯಿಂದ ಬೆಟ್ಟಕ್ಕೂ ಬಳಸುವವನಿಗೂ ಹಿತವಿದೆ.

ನಾವು ಮಾಡಬೇಕಾದದ್ದು

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಅಂಗಳದಲ್ಲಿ ಆಗುವ ಪರೀಕ್ಷೆ ಅಂಗಳದಲ್ಲೇ ಆಗಲಿ. ಮಣ್ಣಿನಲ್ಲೇ ನೋಡಬೇಕಾದದ್ದನ್ನು ತಯಾರಕರು ಮುಚ್ಚಿದ ಕಲ್ಲುಕ್ವಾರಿಯಲ್ಲೋ ಒಪ್ಪಿಗೆಯಿತ್ತ ಖಾಸಗಿ ಜಾಗದಲ್ಲೋ, ಪಂಚಾಯಿತಿಗೆ ತಿಳಿಸಿ, ಒಣಕಾಲದಲ್ಲಿ ನೋಡಲಿ. ಹರಿಯುವ ಹಳ್ಳ, ಹುಲ್ಲುಗಾವಲು, ಕಾನು, ಜೌಗುನೆಲಗಳಲ್ಲಿ ಯಾವ ಕಾಲದಲ್ಲೂ ಪರೀಕ್ಷೆ ಬೇಡ. ವಿಂಚ್ ಮಾರುವವನು ಅದರೊಡನೆ ಮರಕ್ಕೆ ಸುತ್ತುವ ಅಗಲ ಪಟ್ಟಿಯನ್ನೂ ಕೊಡಲಿ. ಬರಿಯ ಉಕ್ಕಿನ ಹಗ್ಗ ಸುತ್ತಿ ಎಳೆದರೆ ತೊಗಟೆ ಉಂಗುರವಾಗಿ ಕಡಿದು ಮರ ನಿಂತಲ್ಲೇ ಒಣಗುತ್ತದೆ. ತನ್ನ ಸಲಕರಣೆ ಹಾಕಿದ ವಾಹನ ಹತ್ತು ಸಲ ಓಡಾಡಿದ ಮೇಲೆ ನೆಲ ಎಷ್ಟು ಕುಸಿಯಿತೆಂಬ ಅಳತೆಯನ್ನೂ ತಯಾರಕ ಪ್ರಕಟಿಸಲಿ. ವಾಹನಕ್ಕೆ ನೆಲ ಏನು ಮಾಡಿತೆಂದು ಅಳೆಯುವವರು, ನೆಲಕ್ಕೆ ವಾಹನ ಏನು ಮಾಡಿತೆಂಬುದನ್ನೂ ಅಳೆಯಬೇಕೆಂಬುದೇ ನಮ್ಮ ಒಟ್ಟು ವಾದ.

ಅವರು ಅಳೆಯುವವರೆಗೆ ನಾವು ಕಾಯಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರು ಈ ಕೆಲಸವನ್ನು ಇದೇ ವರ್ಷ ಆರಂಭಿಸಬಹುದು. ಚಕ್ರದ ಗಾಡಿಗೆ ಅಡ್ಡಲಾಗಿ ನೇರವಾದ ಕೋಲಿಟ್ಟು, ಅದರಿಂದ ತಳದವರೆಗಿನ ಆಳವನ್ನು ಸ್ಕೇಲಿನಿಂದ ಅಳೆದು, ದಿನಾಂಕದೊಡನೆ ಬರೆದಿಡಿ. ಆರು ಇಂಚಿನ ಪಿವಿಸಿ ಪೈಪಿನ ಒಂದು ಗೇಣುದ್ದದ ತುಂಡನ್ನು ಎರಡು ಇಂಚು ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಸುರಿದು, ಅದು ಇಂಗಲು ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡಿ. ಇದನ್ನು ಗಾಡಿಯೊಳಗೊಮ್ಮೆ, ಹತ್ತು ಹೆಜ್ಜೆ ಆಚೆಯ ಹುಲ್ಲಿನಲ್ಲೊಮ್ಮೆ ಮಾಡಿ. ವಾಹನ ಇಳಿಯುವ ಜಾಗದ ಮೇಲಿನಿಂದಲೂ ಕೆಳಗಿನಿಂದಲೂ ಒಂದೊಂದು ಬಾಟಲಿ ಹಳ್ಳದ ನೀರು ಹಿಡಿದು ರಾತ್ರಿಯಿಡೀ ಇಟ್ಟರೆ ತಳದಲ್ಲಿ ಕೂತ ಹೂಳು ತಾನೇ ಹೇಳುತ್ತದೆ. ಇವಾವುದಕ್ಕೂ ದೊಡ್ಡ ಖರ್ಚಿಲ್ಲ. ಒಂದು ಮಳೆಗಾಲದ ಅಳತೆಗಳಿರುವ ನೋಟುಪುಸ್ತಕ ನೂರು ಭಾಷಣಕ್ಕಿಂತ ಗಟ್ಟಿಯಾದ ಸಾಕ್ಷಿ.

ಊರಿನ ಹಿರಿಯರು ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಡಲಿ. ಯಾವ ದಾರಿ ವಾಹನಕ್ಕೆ, ಯಾವುದು ದನಕರುಗಳಿಗೆ, ಯಾವ ಹಳ್ಳಕ್ಕೆ ಚಕ್ರ ಇಳಿಯಕೂಡದು ಎಂಬುದನ್ನು ಗುರುತಿಸಿ ನಿರ್ಣಯ ಬರೆಸಲಿ. ಜೀಪಿನ ಡ್ರೈವರುಗಳನ್ನೂ ಗ್ಯಾರೇಜಿನ ಮೇಸ್ತ್ರಿಗಳನ್ನೂ ಆ ಸಭೆಗೆ ತಪ್ಪದೆ ಕರೆಯಬೇಕು. ನಮ್ಮ ಏರಿನಲ್ಲಿ ಯಾವ ಸಲಕರಣೆ ಕೆಲಸಕ್ಕೆ ಬರುತ್ತದೆ, ಯಾವುದು ಬರಿಯ ಆಡಂಬರ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ. ಮುಂಗಾರು ಬೀಳುವ ಮುನ್ನ ಪ್ರತಿ ಪಂಚಾಯಿತಿಯಲ್ಲೂ ಇಂಥದೊಂದು ಸಭೆ ನಡೆಯಲಿ.